ಕರೆಂಟ್ ಹೋದಾಗ ಮೊದಲು ಆರುವುದು ಲ್ಯಾಪ್‌ಟಾಪ್ ಅಲ್ಲ

ಪ್ರಶ್ನೆ: ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಒಂದು ಲ್ಯಾಪ್‌ಟಾಪ್, ಪಕ್ಕದಲ್ಲೊಂದು ಮಾನಿಟರ್, ವೈಫೈ ರೂಟರ್. ಇಷ್ಟೇ ನನ್ನ ಆಫೀಸು. ಕರೆಂಟ್ ಹೋದರೆ ಒಂದೆರಡು ಗಂಟೆ ಬರುವುದಿಲ್ಲ. ಮೀಟಿಂಗ್ ನಡುವೆ ಮಾಯವಾಗಿ ಮರ್ಯಾದೆ ಹೋಗುತ್ತಿದೆ. ಯುಪಿಎಸ್ ತಗೊಳ್ಳಲಾ, ಇನ್ವರ್ಟರ್ ಹಾಕಿಸಲಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ರೂಟರ್‌ಗೆ ಒಂದು ಮಿನಿ ಯುಪಿಎಸ್ ತನ್ನಿ. ಒಳಗೆ ಬ್ಯಾಟರಿ ಇರುವ ಅಂಗೈಯಗಲದ ಡಬ್ಬಿ ಅದು. ನಿಮ್ಮ ತೊಂದರೆ ಬಹುಪಾಲು ಅಲ್ಲೇ ಮುಗಿಯಬಹುದು.

ಯಾಕೆಂದರೆ ಲ್ಯಾಪ್‌ಟಾಪಿನ ಹೊಟ್ಟೆಯಲ್ಲೇ ಬ್ಯಾಟರಿ ಇದೆ. ಕರೆಂಟ್ ಹೋದರೆ ಸ್ಕ್ರೀನ್ ಒಂಚೂರು ಮಂಕಾದೀತು, ಅಷ್ಟೆ. ಪಟ್ಟಂತ ಆರುವುದು ರೂಟರ್. ಕರೆಂಟ್ ಒಂದೇ ಒಂದು ಕ್ಷಣ ಹೋಗಿ ಬಂದರೂ ಅದು ಮೊದಲಿಂದ ಶುರು ಮಾಡುತ್ತದೆ. ದೀಪಗಳು ಒಂದೊಂದೇ ಹತ್ತಿ, ಮಿಣುಕಿ, ನೆಟ್ ಬರುವಷ್ಟರಲ್ಲಿ ಎರಡು ಮೂರು ನಿಮಿಷ ಆಗಿರುತ್ತದೆ. ನಾನೂ ಎಡವಿದ್ದು ಇಲ್ಲೇ. ದೊಡ್ಡ ಪವರ್‌ಬ್ಯಾಂಕ್ ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡು ಗತ್ತಿನಲ್ಲಿ ಕೂತಿದ್ದೆ. ಕರೆಂಟ್ ಹೋಯಿತು. ಬ್ಯಾಟರಿ ನೂರಕ್ಕೆ ನೂರು, ಇಂಟರ್ನೆಟ್ ಸೊನ್ನೆ!

ರೂಟರ್ ತಿನ್ನುವುದು ತೀರಾ ಕಡಿಮೆ, ಸಾಮಾನ್ಯವಾಗಿ 6ರಿಂದ 12 ವಾಟ್. ಆದರೆ ಮಿನಿ ಯುಪಿಎಸ್ ತರುವ ಮೊದಲು ರೂಟರ್‌ನ ಅಡಾಪ್ಟರ್ ಕಿತ್ತು, ತಿರುಗಿಸಿ ನೋಡಿ. ಇರುವೆ ಸಾಲಿನಂಥ ಅಕ್ಷರಗಳಲ್ಲಿ 'ಔಟ್‌ಪುಟ್' ಎಂದು ಬರೆದಿರುತ್ತದೆ. ಹೆಚ್ಚಿನವು 12 ವೋಲ್ಟ್, 1 ಅಥವಾ 1.5 ಆಂಪ್. 9 ವೋಲ್ಟಿನವೂ ಇವೆ, 5 ವೋಲ್ಟಿನವೂ ಇವೆ. ವೋಲ್ಟ್ ಮಾತ್ರ ಅಷ್ಟೇ ಇರಬೇಕು. ಆಂಪ್ ಜಾಸ್ತಿ ಇದ್ದರೆ ಪರವಾಗಿಲ್ಲ, ಕಡಿಮೆ ಆಗಬಾರದು. ಅದರ ಪಕ್ಕದಲ್ಲೇ ಒಂದು ಪುಟ್ಟ ಚಿತ್ರ ಇರುತ್ತದೆ: ನಡುವೆ ಚುಕ್ಕಿ, ಸುತ್ತ ಅರ್ಧಚಂದ್ರ, ಆಚೀಚೆ ಪ್ಲಸ್ಸು ಮೈನಸ್ಸು. ಪಿನ್ನಿನ ಒಳಗೆ ಪ್ಲಸ್ಸೋ ಮೈನಸ್ಸೋ ಅಂತ ಅದು ಹೇಳುತ್ತದೆ. ಮಿನಿ ಯುಪಿಎಸ್ ಮೇಲೂ ಅದೇ ಚಿತ್ರ ಇರಲಿ. ಇಲ್ಲದಿದ್ದರೆ ರೂಟರ್ ಸುಡಬಹುದು. ಪಿನ್ನಿನ ಅಳತೆಯೂ ಹೊಂದಬೇಕು. ಸಾಮಾನ್ಯವಾಗಿ ಸಿಗುವುದು ಎರಡು ಬಗೆ. ಹೊರಗಿಂದ ಎರಡೂ 5.5 ಮಿಲಿಮೀಟರ್, ಒಳಗಿನ ತೂತು ಮಾತ್ರ ಒಂದಕ್ಕೆ 2.1, ಇನ್ನೊಂದಕ್ಕೆ 2.5. ಕಣ್ಣಿಗೆ ಗೊತ್ತಾಗುವುದಿಲ್ಲ. ತೂತು ದೊಡ್ಡದಾದರೆ ಪಿನ್ ಸಡಿಲವಾಗಿ ಕೂರುತ್ತದೆ, ಮೇಜು ಅಲುಗಿದರೂ ನೆಟ್ ಹೋಗುತ್ತದೆ. ಫೈಬರ್ ಇಂಟರ್ನೆಟ್ ಇದ್ದು, ಫೈಬರ್ ಡಬ್ಬಿ ಬೇರೆ, ವೈಫೈ ಡಬ್ಬಿ ಬೇರೆ ಇದ್ದರೆ ಎರಡಕ್ಕೂ ಬ್ಯಾಟರಿ ಬೇಕು. ಒಂದಕ್ಕೆ ಕೊಟ್ಟು ಇನ್ನೊಂದನ್ನು ಮರೆಯುವವರು ಬೇಕಾದಷ್ಟು ಜನ.

ಎಷ್ಟು ಹೊತ್ತು ಬರುತ್ತದೆ? ಡಬ್ಬಿಯ ಮೇಲಿನ 'ಎಂಎಎಚ್' ಸಂಖ್ಯೆ ನೋಡಿ ಮರುಳಾಗಬೇಡಿ. ಅದು ಒಳಗಿನ ಲಿಥಿಯಂ ಸೆಲ್ಲಿನ ಲೆಕ್ಕ, ಅಂದರೆ 3.7 ವೋಲ್ಟಿನಲ್ಲಿ. 8,800 ಎಂಎಎಚ್ ಅಂದರೆ ಸುಮಾರು 32 ವಾಟ್-ಅವರ್, ಅಂದರೆ 32 ವಾಟಿನ ಸಾಧನವನ್ನು ಒಂದು ಗಂಟೆ ಓಡಿಸುವಷ್ಟು. 10 ವಾಟ್ ರೂಟರ್‌ಗೆ ಕಾಗದದ ಮೇಲೆ ಮೂರು ಗಂಟೆ, ವೋಲ್ಟ್ ಏರಿಸುವಾಗ ಪೋಲಾಗುವುದನ್ನು ಕಳೆದರೆ ಎರಡೂವರೆ. ಪವರ್‌ಬ್ಯಾಂಕಿಗೂ ಇದೇ ಲೆಕ್ಕ: 20,000 ಎಂಎಎಚ್ ಅಂದರೆ 74 ವಾಟ್-ಅವರ್, ಕೈಗೆ ಸಿಗುವುದು 60ರ ಆಸುಪಾಸು. ಬರೆಯುವುದು, ಮೇಲ್ ನೋಡುವುದು ಇಂಥ ಕೆಲಸಕ್ಕೆ ಲ್ಯಾಪ್‌ಟಾಪ್ 15ರಿಂದ 25 ವಾಟ್ ಎಳೆಯುತ್ತದೆ. ಹಾಗಾಗಿ ಇನ್ನೆರಡು ಗಂಟೆ ಸಿಕ್ಕಿತು. ಆದರೆ ನಿಮ್ಮ ಲ್ಯಾಪ್‌ಟಾಪ್ ಟೈಪ್-ಸಿಯಿಂದ ಚಾರ್ಜ್ ಆಗುವಂಥದ್ದಾಗಿರಬೇಕು. ಪವರ್‌ಬ್ಯಾಂಕ್ ಕೂಡ 45 ಅಥವಾ 65 ವಾಟ್ ಕೊಡುವಂಥದ್ದು ಬೇಕು. ಫೋನಿನ ಪವರ್‌ಬ್ಯಾಂಕ್ ಸಾಲುವುದಿಲ್ಲ.

ಮಾನಿಟರ್? ಎರಡು ಗಂಟೆ ಅದಿಲ್ಲದೆ ಇರಿ ಅಂತಲೇ ನನ್ನ ಸಲಹೆ.

ಈಗ ಯುಪಿಎಸ್ ವಿಷಯ. ಅದು ಇರುವುದು ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ, ಅದೂ ಕೆಲಸ ಸೇವ್ ಮಾಡಿ ಶಟ್‌ಡೌನ್ ಮಾಡುವುದಕ್ಕೆ. '600 ವಿಎ' (ವೋಲ್ಟ್-ಆಂಪ್) ಎಂದು ದೊಡ್ಡದಾಗಿ ಬರೆದಿದ್ದರೂ ಸಾಮಾನ್ಯವಾಗಿ ಅದು ತಾಳುವುದು 360 ವಾಟ್. ಒಳಗೆ ಇರುವುದು 12 ವೋಲ್ಟಿನ 7 ಆಂಪ್-ಅವರ್ ಬ್ಯಾಟರಿ, ಅಂದರೆ 84 ವಾಟ್-ಅವರ್. ಡೆಸ್ಕ್‌ಟಾಪ್, ಮಾನಿಟರ್ ಎರಡೂ ಸೇರಿ 180 ವಾಟ್ ಆದರೆ ಲೆಕ್ಕದಲ್ಲಿ ಅರ್ಧ ಗಂಟೆ ಬರಬೇಕು. ಬರುವುದಿಲ್ಲ. ಸೀಸದ ಬ್ಯಾಟರಿಯಿಂದ ರಭಸವಾಗಿ ಎಳೆದಷ್ಟೂ ಅದು ಕಡಿಮೆ ಕೊಡುತ್ತದೆ. ಹತ್ತು ಹದಿನೈದು ನಿಮಿಷ ಬಂದರೆ ಹೆಚ್ಚು. ಇದೇ ಯುಪಿಎಸ್ಸನ್ನು ರೂಟರ್‌ಗೆ ಹಾಕಬಹುದಲ್ವಾ? ಹಾಕಬಹುದು. ಆದರೆ ಅದು ಕೊಂಕಣ ಸುತ್ತಿ ಮೈಲಾರಕ್ಕೆ ಹೋದ ಹಾಗೆ. 12 ವೋಲ್ಟ್ ಬ್ಯಾಟರಿಯಿಂದ ಮನೆಯ ಕರೆಂಟ್ ಮಾಡಿ, ಅಡಾಪ್ಟರ್‌ನಲ್ಲಿ ಮತ್ತೆ 12 ವೋಲ್ಟಿಗೆ ಇಳಿಸಿ, ದಾರಿಯಲ್ಲಿ ಅಷ್ಟೂ ಪೋಲು.

ಲೈಟು, ಫ್ಯಾನು ಎಲ್ಲ ಬೇಕು ಅಂತಾದರೆ ಮಾತ್ರ ಇನ್ವರ್ಟರ್. ಲ್ಯಾಪ್‌ಟಾಪ್ 25, ಮಾನಿಟರ್ 25, ರೂಟರ್ 10, ಎಲ್‌ಇಡಿ ಬಲ್ಬ್ 10, ಸಾಮಾನ್ಯ ಸೀಲಿಂಗ್ ಫ್ಯಾನ್ 70. ಒಟ್ಟು 140 ವಾಟ್. ಅರ್ಧ ತಿನ್ನುವುದು ಫ್ಯಾನೇ! ಕಡಿಮೆ ಕರೆಂಟ್ ತಿನ್ನುವ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಆದರೆ 30 ವಾಟಿಗೆ ಮುಗಿಯುತ್ತದೆ. 12 ವೋಲ್ಟಿನ 150 ಆಂಪ್-ಅವರ್ ಟ್ಯೂಬುಲರ್ ಬ್ಯಾಟರಿಯಲ್ಲಿ 1,800 ವಾಟ್-ಅವರ್ ಇರುತ್ತದೆ. ಅದನ್ನು ಪೂರ್ತಿ ಬಸಿಯಬಾರದು, ಬಸಿದರೆ ಆಯಸ್ಸು ಕಡಿಮೆಯಾಗುತ್ತದೆ. ಪೋಲೂ ಸೇರಿಸಿ 1,000 ಎಂದು ಹಿಡಿಯಿರಿ. ಏಳು ಗಂಟೆ ಆಯಿತು. ನಿಮ್ಮ ಎರಡು ಗಂಟೆಗೆ ಇದು ಸ್ವಲ್ಪ ಅತಿಯೇ.

ತಗೊಂಡರೆ ಮನೆಯ ಕರೆಂಟಿನಂತೆಯೇ ನಯವಾದ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ತಗೊಳ್ಳಿ. ಸ್ಕ್ವೇರ್ ವೇವ್ ಆದರೆ ಫ್ಯಾನ್ ಗುಂಯ್ ಅನ್ನುತ್ತದೆ, ಮೀಟಿಂಗಿನಲ್ಲಿ ಎಲ್ಲರಿಗೂ ಕೇಳಿಸುತ್ತದೆ. ಹಿಂದುಗಡೆ 'ಯುಪಿಎಸ್ ಮೋಡ್' ಅನ್ನುವ ಸ್ವಿಚ್ ಇದೆಯಾ ನೋಡಿ. ಕರೆಂಟ್ ಹೋಗಿ ಬ್ಯಾಟರಿ ಹಿಡಿದುಕೊಳ್ಳುವ ನಡುವಿನ ಸಂದು ಆ ಮೋಡ್‌ನಲ್ಲಿ 10ರಿಂದ 20 ಮಿಲಿಸೆಕೆಂಡ್, ಮಾಮೂಲಿ ಮೋಡ್‌ನಲ್ಲಿ ಅದಕ್ಕಿಂತ ಜಾಸ್ತಿ. ಲ್ಯಾಪ್‌ಟಾಪಿಗೆ ಇದು ಲೆಕ್ಕಕ್ಕಿಲ್ಲ. ಮಾಮೂಲಿ ಮೋಡ್‌ನಲ್ಲಿ ಡೆಸ್ಕ್‌ಟಾಪ್, ಕೆಲವು ರೂಟರ್ ಆರಿ ಹತ್ತಬಹುದು. ಬ್ಯಾಟರಿಯನ್ನು ಗಾಳಿಯಾಡುವ ಜಾಗದಲ್ಲಿಡಿ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ನಲ್ಲಿ ನೀರು ಬೇಡ. ಲೇಸರ್ ಪ್ರಿಂಟರನ್ನು ಇದಕ್ಕಾಗಲಿ ಯುಪಿಎಸ್ಸಿಗಾಗಲಿ ಹಾಕಲೇಬೇಡಿ. ಅದು ಬಿಸಿಯಾಗುವ ಕ್ಷಣಕ್ಕೆ ನೂರಾರು ವಾಟ್ ಒಮ್ಮೆಲೇ ಎಳೆಯುತ್ತದೆ.

ದುಡ್ಡು ಬಿಚ್ಚುವ ಮೊದಲು ಒಂದು ರಜಾ ದಿನ ಮನೆಯವರಿಗೆ ಹೇಳಿ ಮೇನ್ ಸ್ವಿಚ್ ಆಫ್ ಮಾಡಿ ಕೂತು ನೋಡಿ. ಏನು ಎಷ್ಟು ಹೊತ್ತಿಗೆ ಆರಿತು ಅಂತ ಚೀಟಿಯಲ್ಲಿ ಬರೆದಿಡಿ. ಆ ಚೀಟಿಯೇ ನಿಮ್ಮ ಖರೀದಿ ಪಟ್ಟಿ. ಆದರೆ ನಿಮ್ಮ ರೂಟರ್ ಉಳಿದರೂ ನೆಟ್ ಉಳಿಯುತ್ತದಾ ಅನ್ನುವುದು ಇದರಿಂದ ಗೊತ್ತಾಗುವುದಿಲ್ಲ. ಮನೆಯವರೆಗೂ ಬರೀ ಫೈಬರ್ ಬಂದಿದ್ದರೆ ದಾರಿಯಲ್ಲಿ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಸ್ಪ್ಲಿಟರ್‌ಗಳಿಗೆ ಕರೆಂಟೇ ಬೇಡ. ಆ ಕಡೆಯ ಕೇಂದ್ರದಲ್ಲಿ ಬ್ಯಾಟರಿ ಇದ್ದರೆ ಸಾಕು. ಅದೇ ನಡುವೆ ಎಲ್ಲೋ ಕಂಬದ ಮೇಲೆ, ಕಟ್ಟಡದ ಮೂಲೆಯಲ್ಲಿ ಕರೆಂಟಿನಿಂದ ಓಡುವ ನೆಟ್‌ವರ್ಕ್ ಸ್ವಿಚ್ ಬಾಕ್ಸ್ ಇದ್ದರೆ ನಿಮ್ಮ ಮಿನಿ ಯುಪಿಎಸ್ ಏನು ಮಾಡೀತು? ಆಗ ಮೊಬೈಲ್ ಹಾಟ್‌ಸ್ಪಾಟೇ ಗತಿ. ಇದನ್ನು ಪರೀಕ್ಷಿಸಲು ಏರಿಯಾದಲ್ಲೆಲ್ಲ ನಿಜಕ್ಕೂ ಕರೆಂಟ್ ಹೋಗಬೇಕು. ಅದಕ್ಕೆ ಜಾಸ್ತಿ ದಿನ ಕಾಯಬೇಕಾಗಿಲ್ಲ ಬಿಡಿ.