ಆಂಟಾಲಜಿ ಕ್ಲೌಡ್‌ಗೆ ಹೋದದ್ದು ಹೇಗೆ?

ಒಂದು ಕ್ಷೇತ್ರದಲ್ಲಿ ಏನೇನಿದೆ, ಯಾವುದು ಯಾವುದರ ಬಗೆ, ಯಾವುದಕ್ಕೆ ಯಾವುದರ ನಂಟು ಎಂಬುದನ್ನು ಕಂಪ್ಯೂಟರಿಗೂ ಅರ್ಥವಾಗುವಂತೆ ಬರೆದಿಟ್ಟರೆ ಅದು ಆಂಟಾಲಜಿ. ಅದರ ಹಾದಿಯ ಮೈಲಿಗಲ್ಲುಗಳು: ಸಾಮಾನ್ಯ ಜ್ಞಾನವನ್ನು ಕಂಪ್ಯೂಟರಿಗೆ ಉಣಿಸಲು ಹೊರಟ 1984ರ ಸೈಕ್ ಯೋಜನೆ, ಆಂಟಾಲಜಿ ಎಂದರೇನೆಂದು ಕಂಪ್ಯೂಟರ್ ವಿಜ್ಞಾನಿ ಟಾಮ್ ಗ್ರೂಬರ್ 1993ರಲ್ಲಿ ಕೊಟ್ಟ ವ್ಯಾಖ್ಯೆ, ವಂಶವಾಹಿಗಳ ಕೆಲಸವನ್ನು ವರ್ಗೀಕರಿಸುವ 1998ರ ಜೀನ್ ಆಂಟಾಲಜಿ, ವೆಬ್ ಪುಟಗಳ ಅರ್ಥ ಯಂತ್ರಕ್ಕೂ ತಿಳಿಯಬೇಕೆಂಬ 2001ರ ಸೆಮ್ಯಾಂಟಿಕ್ ವೆಬ್ ಕನಸು. 2004ರಲ್ಲಿ ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ, ಆಂಟಾಲಜಿ ಬರೆಯುವ ಔಲ್ ಭಾಷೆಗೆ ಮುದ್ರೆ ಒತ್ತಿದಾಗ ಬರೆಯುವುದು ಹೇಗೆಂಬ ಪ್ರಶ್ನೆ ಬಹುಪಾಲು ಬಗೆಹರಿಯಿತು. ಕೂಡಿ ಬರೆಯುವುದು ಹೇಗೆ ಎಂಬುದು ಉಳಿಯಿತು.

ಆಗ ಹೆಚ್ಚಿನವರು ಬಳಸುತ್ತಿದ್ದುದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊಟೇಜೆ ಎಂಬ ಆಂಟಾಲಜಿ ಬರೆಯುವ ತಂತ್ರಾಂಶ. ಅವರವರ ಕಂಪ್ಯೂಟರಿನಲ್ಲಿ ಅವರವರ ಫೈಲು. ಒಬ್ಬರು ‘ಔಷಧ’, ‘ಆಹಾರ’ ಎರಡೂ ಒಂದಕ್ಕೊಂದು ಬೆರೆಯದ ವರ್ಗಗಳೆಂದು ಬರೆದರು ಎನ್ನಿ. ಅದೇ ವಾರ ಇನ್ನೊಬ್ಬರು ತಮ್ಮ ಪ್ರತಿಯಲ್ಲಿ ಗ್ಲೂಕೋಸನ್ನು ಎರಡರ ಕೆಳಗೂ ಸೇರಿಸಿದರು. ಬಿಡಿಬಿಡಿಯಾಗಿ ಎರಡು ಫೈಲೂ ಸರಿ. ಒಟ್ಟುಗೂಡಿಸಿ, ಬರೆದದ್ದರಿಂದ ತರ್ಕದ ತೀರ್ಮಾನ ತೆಗೆಯುವ ರೀಸನರ್ ಎಂಬ ತಂತ್ರಾಂಶ ಓಡಿಸಿದರೆ ಗ್ಲೂಕೋಸ್ ಕೆಂಪಾಗಿ ‘ನಥಿಂಗ್’ ಎಂಬ ಖಾಲಿ ವರ್ಗದ ಕೆಳಗೆ ಹೋಗಿ ಕೂರುತ್ತದೆ: ಅಂಥದೊಂದು ವಸ್ತು ಇರಲು ಸಾಧ್ಯವೇ ಇಲ್ಲವಂತೆ! ಫೈಲುಗಳನ್ನು ಹೋಲಿಸೋಣವೆಂದರೆ ಸೇವ್ ಮಾಡುವಾಗ ಸಾಲುಗಳ ಕ್ರಮವೇ ಅದಲುಬದಲಾಗಿರುತ್ತಿತ್ತು. ಒಂದು ಪದ ತಿದ್ದಿದ್ದಕ್ಕೆ ಪುಟಗಟ್ಟಲೆ ವ್ಯತ್ಯಾಸ. ಈ ಪಾಡು ಪಟ್ಟವರಿಗೆ ಎಲ್ಲರೂ ಒಂದೇ ಪ್ರತಿಯನ್ನು ತಿದ್ದುವ ಸರ್ವರ್ ಏಕೆ ಬೇಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಹಾಗೆಂದು ಯೋಚನೆ ಹೊಸದೇನಲ್ಲ. ಬ್ರೌಸರಿನಲ್ಲೇ ತಿದ್ದುವ ಅನುಕೂಲವನ್ನು ಆಂಟೋಲಿಂಗ್ವಾ ಸರ್ವರ್ 1990ರ ದಶಕದಲ್ಲೇ ಕೊಟ್ಟಿತ್ತು. ಮುಂದೆ ವೆಬ್‌ಪ್ರೊಟೇಜೆ ಬಂತು: ಯಾರು ಯಾವಾಗ ಏನು ಬದಲಿಸಿದರೆಂಬ ದಾಖಲೆ, ಪದದ ಪಕ್ಕದಲ್ಲೇ ಚರ್ಚೆ. ಜೀವವೈದ್ಯಕೀಯ ಆಂಟಾಲಜಿಗಳನ್ನು ಬಯೋಪೋರ್ಟಲ್ ಒಂದೆಡೆ ಕಲೆಹಾಕಿ ಎಪಿಐ (ಒಂದು ತಂತ್ರಾಂಶ ಇನ್ನೊಂದನ್ನು ಕೇಳಿ ಮಾಹಿತಿ ಪಡೆಯುವ ದಾರಿ) ಮೂಲಕ ಒದಗಿಸಿತು. ನಂಟುಗಳ ಜಾಲವನ್ನೇ ಕೂಡಿಡುವ ಗ್ರಾಫ್ ಡೇಟಾಬೇಸುಗಳೂ ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗತೊಡಗಿದವು. ಅಮೆಜಾನಿನ ನೆಪ್ಚೂನ್ 2018ರಲ್ಲಿ ಎಲ್ಲರ ಬಳಕೆಗೆ ಬಂತು.

ರೀಸನಿಂಗ್ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಔಲ್‌ನ ಪೂರ್ಣ ಶಕ್ತಿ ಬಳಸಿದರೆ ಲೆಕ್ಕಾಚಾರ ಎಷ್ಟು ಹೊತ್ತು ಹಿಡಿದೀತೆಂದು ಮೊದಲೇ ಹೇಳುವುದು ಕಷ್ಟ. ಹತ್ತು ಜನ ಹಂಚಿಕೊಂಡ ಯಂತ್ರದಲ್ಲಿ ಇದು ಹತ್ತೂ ಜನರ ತಲೆನೋವು, ಬಳಸಿದಷ್ಟಕ್ಕೆ ಹಣವೆಂದಾದರೆ ಜೇಬಿನದೂ. 2009ರ ಔಲ್ 2 ಆವೃತ್ತಿ ‘ಇಎಲ್’ ಎಂಬ ಹಗುರ ರೂಪವನ್ನು ಕೊಟ್ಟಿದ್ದರಿಂದ, 3 ಲಕ್ಷಕ್ಕೂ ಹೆಚ್ಚು ಪರಿಕಲ್ಪನೆಗಳ ವೈದ್ಯಕೀಯ ಪದಕೋಶ ಸ್ನೋಮೆಡ್ ಸಿಟಿಯಂಥವು ಬಚಾವಾದವು.

ಇನ್ನೂ ಬಿಡಿಸಲಾಗದ ಗಂಟು ವಿಳಾಸದ್ದು. ಆಂಟಾಲಜಿಯ ಪ್ರತಿ ಪದಕ್ಕೂ ವೆಬ್ ವಿಳಾಸದ ರೂಪದ ಗುರುತಿದೆ. ಅದರಲ್ಲಿ ಸೇವೆ ಕೊಡುವವರ ಡೊಮೇನ್ ಸೇರಿಕೊಂಡರೆ, ಸೇವೆ ಬದಲಿಸಿದ ದಿನ ಆ ಪದ ಬಳಸಿದ ಕಡೆಯಲ್ಲೆಲ್ಲ ತಿದ್ದಬೇಕು. ಗೂಗಲ್‌ನ ಜ್ಞಾನಕೋಶ ಫ್ರೀಬೇಸ್ 2016ರಲ್ಲಿ ಮುಚ್ಚಿದಾಗ ಡೇಟಾ ಡಂಪ್, ಅಂದರೆ ಒಟ್ಟು ಮಾಹಿತಿಯ ಪ್ರತಿ, ಉಳಿಯಿತು. ಪ್ರಶ್ನೆ ಕೇಳಿದರೆ ಉತ್ತರಿಸುತ್ತಿದ್ದ ಎಪಿಐ ಉಳಿಯಲಿಲ್ಲ. ಜೀವಶಾಸ್ತ್ರದ ಆಂಟಾಲಜಿಗಳನ್ನು ಕೂಡಿ ಬೆಳೆಸುವ ಓಬಿಓ ಬಳಗ ತನ್ನ ಗುರುತುಗಳನ್ನು ಪರ್ಲ್ ಎಂಬ ಶಾಶ್ವತ ವಿಳಾಸಗಳಲ್ಲಿ ಇಟ್ಟುಕೊಂಡಿದೆ. ಫೈಲು ಯಾವ ಸರ್ವರಿಗೆ ಹೋದರೂ ವಿಳಾಸ ಅದೇ. ಕ್ಲೌಡ್ ಸೇವೆಗೆ ಸಹಿ ಹಾಕುವವರು ದರಪಟ್ಟಿ ನೋಡುವಷ್ಟು ಗಮನವಿಟ್ಟು ಇದನ್ನು ನೋಡುವುದು ಅಪರೂಪ.