ಬಲಮುರಿ ಶಂಖ ಮತ್ತು ಅಮೆರಿಕದ ಬಸವನಹುಳು

ಮುಂಬಯಿಯ ಮಾಟುಂಗದ ಪೂಜಾ ಸಾಮಗ್ರಿ ಅಂಗಡಿಗಳಲ್ಲಿ ಶಂಖ ಬೇಕೆಂದರೆ ಎದುರಾಗುವ ಪ್ರಶ್ನೆ: ‘ಊದುವುದಕ್ಕೋ, ತೀರ್ಥಕ್ಕೋ?’ ಚಿಪ್ಪು ಒಂದೇ ಜೀವಿಯದು. ಊದುವ ಶಂಖದ ಸುರುಳಿಯ ತುದಿಯನ್ನು ಕತ್ತರಿಸಿರುತ್ತಾರೆ. ತೀರ್ಥದ ಶಂಖಕ್ಕೆ ಕತ್ತರಿ ಬೀಳುವಂತಿಲ್ಲ, ನೀರು ಸೋರಿಹೋಗುತ್ತದೆ.

ಫ್ರಾನ್ಸಿನ ಪುರಾತತ್ತ್ವಜ್ಞರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಮಾರ್ಸುಲಾಸ್ ಗುಹೆಯಲ್ಲಿ 1931ರಲ್ಲಿ ಸಿಕ್ಕ ದೊಡ್ಡ ಶಂಖವೊಂದನ್ನು ಅವರು ಪಾನಪಾತ್ರೆಯೆಂದು ಬಗೆದು ಸಂಗ್ರಹಾಲಯದಲ್ಲಿಟ್ಟರು. 2021ರಲ್ಲಿ ಮತ್ತೆ ಪರೀಕ್ಷಿಸಿದಾಗ ಅದರ ತುದಿಯನ್ನು ಬೇಕೆಂದೇ ಒಡೆದಿರುವುದು ಸ್ಪಷ್ಟವಾಯಿತು. ಕೊಂಬು ಊದುವ ಕಲಾವಿದರೊಬ್ಬರಿಂದ ಊದಿಸಿದರು. ಸುಮಾರು 18,000 ವರ್ಷ ಹಳೆಯ ಶಂಖ ಮೂರು ಸ್ವರ ನುಡಿಯಿತು. ನಮ್ಮ ಅಂಗಡಿಯವರನ್ನು ಕೇಳಿದ್ದರೆ ತೊಂಬತ್ತು ವರ್ಷ ಕಾಯಬೇಕಿರಲಿಲ್ಲವೇನೋ.

ನಮ್ಮ ಪೂಜೆಯ ಶಂಖ ಒಂದು ಕಡಲ ಬಸವನಹುಳುವಿನ ಚಿಪ್ಪು, ಅದರ ವೈಜ್ಞಾನಿಕ ಹೆಸರು ಟರ್ಬಿನೆಲ್ಲಾ ಪೈರಮ್. ಮನ್ನಾರ್ ಕೊಲ್ಲಿಯ ಮರಳು ತಳದಲ್ಲಿ ಇದರ ವಾಸ. ತೂತ್ತುಕುಡಿಯ ಮುಳುಗುಗಾರರು ತಲೆಮಾರುಗಳಿಂದ ಇದನ್ನು ಹೆಕ್ಕಿ ತಂದಿದ್ದಾರೆ. ಜೀವಂತವಿರುವಾಗ ಇದು ಬೆಳ್ಳಗಿರುವುದಿಲ್ಲ. ಮೇಲೆ ಕಂದು ಬಣ್ಣದ ಸಿಪ್ಪೆಯಿರುತ್ತದೆ, ಅದನ್ನು ಉಜ್ಜಿ ತೆಗೆದ ಮೇಲೆ ನಮಗೆ ಗೊತ್ತಿರುವ ಬಿಳುಪು. ದೇವರ ಮನೆಯಲ್ಲಿ ಮಡಿಯಿಂದ ಕುಳಿತಿರುವ ಈ ಪ್ರಾಣಿ ಮರಳಿನೊಳಗಿನ ಹುಳುಗಳನ್ನು ತಿನ್ನುವ ಅಪ್ಪಟ ಮಾಂಸಾಹಾರಿ. ಬೇಟೆಯ ಜಾಡು ಹಿಡಿಯಲು ಅದು ಒಂದು ಕೊಳವೆಯನ್ನು ಹೊರಚಾಚಿ ನೀರನ್ನು ಒಳಗೆಳೆದುಕೊಂಡು ವಾಸನೆ ನೋಡುತ್ತದೆ. ಆ ಕೊಳವೆಗೆ ಆಸರೆಯಾಗಿ ಚಿಪ್ಪಿನ ಒಂದು ತುದಿ ಕಾಲುವೆಯಂತೆ ನೀಳವಾಗಿ ಬೆಳೆಯುತ್ತದೆ. ಅರ್ಚಕರು ಅಭಿಷೇಕದ ನೀರನ್ನು ಧಾರೆಯಾಗಿ ಬಿಡುವುದು ಇದೇ ಕಾಲುವೆಯಿಂದ. ಶಂಖದಿಂದ ಬಂದರೆ ತೀರ್ಥ ಎನ್ನುತ್ತೇವಲ್ಲ, ಹುಳು ಹುಡುಕುವ ಆ ದಾರಿಯಿಂದಲೇ ಅದು ಬರುವುದು.

ಶಂಖ ತನ್ನಷ್ಟಕ್ಕೆ ಸದ್ದು ಮಾಡುವುದಿಲ್ಲ. ನಡುಗುವುದು ಊದುವವರ ತುಟಿ. ಒಳಗೆ ಅಗಲವಾಗುತ್ತ ಸುತ್ತಿಬರುವ ಟೊಳ್ಳಿನ ಗಾಳಿ ತನಗೆ ಒಗ್ಗುವ ಕಂಪನವನ್ನಷ್ಟೇ ಬಲಪಡಿಸುತ್ತದೆ. ತುತ್ತೂರಿಯ ಕೆಲಸವೂ ಹೀಗೆಯೇ. ಈ ನಾದದಿಂದ ರೋಗಾಣುಗಳು ಸಾಯುತ್ತವೆಂಬ ಸಂದೇಶ ಪ್ರತಿ ಹಬ್ಬಕ್ಕೂ ಮೊಬೈಲಿಗೆ ಬರುತ್ತದೆ. ಬರಲಿ, ನಂಬಬೇಕಾಗಿಲ್ಲ.

ಇನ್ನು ಗಾಜಿನ ಕಪಾಟಿನಲ್ಲಿ ಕೆಂಪು ಬಟ್ಟೆಯ ಮೇಲೆ ಕುಳಿತಿರುವ ಬಲಮುರಿ, ಅಂದರೆ ದಕ್ಷಿಣಾವರ್ತಿ ಶಂಖದ ವಿಚಾರ. ಸಾಮಾನ್ಯ ಶಂಖದ ಸುರುಳಿಯ ತುದಿಯನ್ನು ಮೇಲೆ ಮಾಡಿ ಬಾಯನ್ನು ನಮ್ಮತ್ತ ತಿರುಗಿಸಿದರೆ ಬಾಯಿ ಬಲಕ್ಕಿರುತ್ತದೆ. ಜೀವವಿಜ್ಞಾನಿಗಳು ನೋಡುವುದು ಹೀಗೆ, ಆದ್ದರಿಂದ ಅವರಿಗೆ ಅದು ಬಲಸುರುಳಿ. ಕಾಲುವೆಯ ತುದಿಯನ್ನು ಮೇಲೆ ಮಾಡಿ ನೋಡಿದರೆ ಅದೇ ಬಾಯಿ ಎಡಕ್ಕೆ ಬರುತ್ತದೆ. ಹೀಗೆ ಹಿಡಿದಾಗ ಬಲಕ್ಕೆ ತೆರೆಯುವ ಅಪರೂಪದ ಬಲಮುರಿ ವಿಜ್ಞಾನದ ಲೆಕ್ಕದಲ್ಲಿ ಎಡಸುರುಳಿ. ಎರಡು ಕಡೆಯವರೂ ಸರಿ, ಹಿಡಿಯುವ ರೀತಿ ಬೇರೆ.

ಚಿಪ್ಪು ಯಾವ ಕಡೆಗೆ ಸುತ್ತಬೇಕೆಂದು ನಿರ್ಧರಿಸುವವರು ಯಾರು? ಶಂಖದ ನೆಂಟರಾದ ಕೊಳದ ಬಸವನಹುಳುಗಳಲ್ಲಿ ಸುರುಳಿಯ ದಿಕ್ಕನ್ನು ತಾಯಿಯ ಜೀನ್ ನಿರ್ಧರಿಸುತ್ತದೆ, ಮರಿಯದ್ದಲ್ಲ. 1923ರಲ್ಲಿ ಅಮೆರಿಕದ ತಳಿವಿಜ್ಞಾನಿ ಸ್ಟರ್ಟೆವಂಟ್ ಊಹಿಸಿದ್ದೂ ಇದನ್ನೇ. 2019ರಲ್ಲಿ ಜಪಾನಿನ ವಿಜ್ಞಾನಿಗಳು ಒಂದೇ ಒಂದು ಜೀನ್ ಕೆಡಿಸಿ, ಬಲಕ್ಕೆ ಸುತ್ತುವ ವಂಶದಲ್ಲಿ ಎಡಕ್ಕೆ ಸುತ್ತುವ ಮರಿಗಳನ್ನು ಪಡೆದರು.

ಅಪರೂಪವೆಂದ ಮೇಲೆ ನಕಲಿಯೂ ಇರಬೇಕಲ್ಲ. ಅಮೆರಿಕದ ಆಗ್ನೇಯ ಕರಾವಳಿಯಲ್ಲಿ ಮತ್ತು ಮೆಕ್ಸಿಕೊ ಕೊಲ್ಲಿಯಲ್ಲಿ ಲೈಟ್ನಿಂಗ್ ವೆಲ್ಕ್ ಎಂಬ ಕಡಲ ಬಸವನಹುಳುವಿದೆ. ಅದರ ಇಡೀ ಜಾತಿಯೇ ಎಡಸುರುಳಿ, ಅಲ್ಲಿ ಅದು ಮಾಮೂಲು. ಅದರ ಚಿಪ್ಪು ಇಲ್ಲಿ ದಕ್ಷಿಣಾವರ್ತಿಯ ಹೆಸರಿನಲ್ಲಿ ಮಾರಾಟವಾಗುತ್ತದೆ. ಗುರುತಿಸುವುದು ಕಷ್ಟವಲ್ಲ. ಬಾಯೊಳಗೆ ಬೆರಳಿಟ್ಟು ನಡುವಿನ ಕಂಬವನ್ನು ಸವರಿ. ನಿಜವಾದ ಶಂಖವಾದರೆ ಮೂರೋ ನಾಲ್ಕೋ ಏಣುಗಳು ಬೆರಳಿಗೆ ತಾಗುತ್ತವೆ. ವೆಲ್ಕ್‌ನ ಕಂಬ ನುಣ್ಣಗಿರುತ್ತದೆ. ಮುಟ್ಟಿದರೆ ಮೈಲಿಗೆ ಎಂದು ಅಂಗಡಿಯವರು ತಡೆದರೆ, ಪಕ್ಕದ ಅಂಗಡಿಗೆ ನಡೆಯಿರಿ.