ಟಗರಿನ ಕೊಂಬಿಗೆ ಎರಡು ಮೀಟರ್ ಪಟ್ಟಿ

ಕಳೆದ ಮಳೆಗಾಲದಲ್ಲಿ ನಂದಿಬೆಟ್ಟ ಇಳಿಯುವಾಗ ನನ್ನ ಸೈಕಲ್ ಹ್ಯಾಂಡಲ್‌ಗೆ ಹಿಡಿತಕ್ಕೆಂದು ಸುತ್ತಿದ್ದ ಮೆತ್ತನೆ ಟೇಪ್ ಬಿಚ್ಚಿಕೊಂಡಿತು. ತುದಿಗೆ ಸುತ್ತಿದ್ದ ಇನ್ಸುಲೇಷನ್ ಟೇಪ್ ನೆನೆದು ಜಾರಿಹೋಗಿ, ಒಂದು ಗೇಣು ಪಟ್ಟಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಇನ್ನೇನು ಪೂರ್ತಿ ಬಿಚ್ಚಿ ಮುಂದಿನ ಚಕ್ರಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಹೆದರಿ ರಸ್ತೆ ಪಕ್ಕ ನಿಲ್ಲಿಸಿದೆ. ನೋಡಿದರೆ ಎರಡು ಸುತ್ತು ಸಡಿಲ. ಮೂರನೆಯದು ಬೆರಳಿಟ್ಟರೆ ಸ್ವಲ್ಪ ಅಲ್ಲಾಡುತ್ತಿತ್ತು. ನಾಲ್ಕನೆಯದರಿಂದ ಆಚೆ ಏನೂ ಆಗೇ ಇಲ್ಲ ಅನ್ನುವಂತೆ ಗಟ್ಟಿಯಾಗಿ ಕೂತಿತ್ತು. ಮನೆ ತಲುಪುವವರೆಗೂ ಹಾಗೇ ಇತ್ತು.

ವಿಚಿತ್ರ ಅಲ್ವಾ? ತುದಿ ಬಿಟ್ಟ ಮೇಲೆ ದಾರದ ಉಂಡೆಯ ಹಾಗೆ ಪೂರ್ತಿ ಬಿಚ್ಚಿಕೊಳ್ಳಬೇಕಿತ್ತು. ಹಿಂದೆ ಅಂಟು ಇರುತ್ತದಲ್ಲ ಅಂತೀರಾ? ನನ್ನ ಟೇಪಿಗೆ ಅಂಟೇ ಇರಲಿಲ್ಲ. ಬಿಚ್ಚಿ ಮತ್ತೆ ಸುತ್ತಬಹುದಾದ, ಹಿಂಬದಿಗೆ ಸಿಲಿಕೋನ್ ಇರುವ ಜಾತಿ ಅದು. ಅಂಟಿರುವ ಟೇಪಿನಲ್ಲೂ ಅದು ನಡುವೆ ಒಂದು ಸಣ್ಣ ಗೆರೆಯಷ್ಟೇ. ಸುತ್ತುವಾಗ ಪಟ್ಟಿ ಜಾರದಿರಲಿ ಅಂತ ಇಟ್ಟದ್ದು, ಅದರ ಮೇಲೆ ಜಾಸ್ತಿ ಭಾರ ಹಾಕುವ ಹಾಗಿಲ್ಲ.

ಹಾಗಾದರೆ ಹಿಡಿದಿಟ್ಟದ್ದು ಯಾವುದು? ಮಲೆನಾಡಿನಲ್ಲಿ ದೊಡ್ಡ ಹಲಸಿನ ಹಣ್ಣು ಇಳಿಸುವುದನ್ನು ನೋಡಿದ್ದರೆ ಉತ್ತರ ಆಗಲೇ ನಿಮಗೆ ಗೊತ್ತು. ಹಣ್ಣಿನ ತೊಟ್ಟಿಗೆ ಹಗ್ಗ ಕಟ್ಟಿ, ಹಗ್ಗವನ್ನು ಕೊಂಬೆಗೆ ಒಂದು ಸುತ್ತು ಹಾಕಿ, ತೊಟ್ಟು ಕಡಿದು ನಿಧಾನಕ್ಕೆ ಬಿಟ್ಟರೆ ಒಬ್ಬನೇ ಆಳು ಆರಾಮಾಗಿ ಇಳಿಸುತ್ತಾನೆ. ಭಾರದ ಬಹುಪಾಲನ್ನು ಹೊರುವುದು ಕೊಂಬೆಗೂ ಹಗ್ಗಕ್ಕೂ ನಡುವಿನ ಘರ್ಷಣೆ. ಇದರ ಲೆಕ್ಕವನ್ನು 18ನೇ ಶತಮಾನದಲ್ಲೇ ಗಣಿತಜ್ಞ ಆಯ್ಲರ್ ಹಾಕಿಟ್ಟಿದ್ದಾರೆ. ಆ ಲೆಕ್ಕದ ಮಜಾ ಏನೆಂದರೆ, ಸುತ್ತು ಹೆಚ್ಚಾದ ಹಾಗೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣೆಯ ಗುಣಾಂಕ, ಅಂದರೆ ಎರಡು ಮೈಗಳ ನಡುವಿನ ಒರಟುತನದ ಅಳತೆ, 0.3 ಅಂತ ಇಟ್ಟುಕೊಳ್ಳಿ. ಒಂದು ಸುತ್ತಿಗೆ ಹಿಡಿತ ಸುಮಾರು 6.6 ಪಟ್ಟು. ಎರಡು ಸುತ್ತಿಗೆ 43 ಪಟ್ಟು. ಮೂರಕ್ಕೆ 285! ಇನ್ನೊಂದು ವಿಷಯ, ಕೊಂಬೆ ದಪ್ಪ ಇದೆಯೋ ಸಣ್ಣ ಇದೆಯೋ ಅನ್ನುವುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಎಷ್ಟು ಸುತ್ತು, ಎಷ್ಟು ಒರಟು, ಅಷ್ಟೇ.

ಈಗ ನನ್ನ ಹ್ಯಾಂಡಲ್‌ಗೆ ಬನ್ನಿ. ಸಡಿಲವಾದ ತುದಿಯಲ್ಲಿ ಹತ್ತು ಗ್ರಾಂ, ಅಂದರೆ ಒಂದೆರಡು ನಾಣ್ಯದ ತೂಕದಷ್ಟು ಹಿಡಿತ ಉಳಿದಿತ್ತು ಅಂದುಕೊಳ್ಳಿ. ಒಂದು ಸುತ್ತು ಒಳಗೆ ಹೋದರೆ ಅದು 66 ಗ್ರಾಂ ಎಳೆತವನ್ನು ತಡೆಯುತ್ತದೆ, ಎರಡನೆಯದಕ್ಕೆ 430, ಮೂರನೆಯದಕ್ಕೆ ಸುಮಾರು 2.8 ಕೆಜಿ. ನಾನು ಸುತ್ತುವಾಗ ಎಳೆದದ್ದೇ ಎರಡು ಮೂರು ಕೆಜಿಯಷ್ಟು ಇರಬಹುದು. ಹಾಗಾಗಿ ನಾಲ್ಕನೇ ಸುತ್ತಿಗೆ ತುದಿ ಬಿಟ್ಟುಹೋದ ಸುದ್ದಿಯೇ ಮುಟ್ಟಲಿಲ್ಲ.

ಮಾರನೇ ದಿನ ಹೊಸ ಟೇಪ್ ತಂದು ಕೂತೆ. ರೋಡ್ ಬೈಕಿನ, ಅಂದರೆ ನನ್ನದರಂಥ ರೇಸ್ ಸೈಕಲ್ಲಿನ, ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಮುಂದೆ ಹೋಗಿ ಕೆಳಗೆ ಬಾಗಿ ಹಿಂದಕ್ಕೆ ತಿರುಗಿರುತ್ತದೆ. ಮಾಮೂಲಿ ಸೈಕಲ್ಲಿನ ಹಾಗೆ ರಬ್ಬರ್ ಗ್ರಿಪ್ ತುರುಕಿದರೆ ಸಾಕಾಗುವುದಿಲ್ಲ, ಕೈ ಎಲ್ಲಿ ಬೇಕಾದರೂ ಹಿಡಿಯುತ್ತದಲ್ಲ, ಹಾಗಾಗಿ ಉದ್ದಕ್ಕೂ ಪಟ್ಟಿ ಸುತ್ತಬೇಕು. ಪೆಟ್ಟಿಗೆಯಲ್ಲಿ ಎರಡು ಸುರುಳಿ, ಒಂದೊಂದು ಸುಮಾರು 2 ಮೀಟರ್ ಉದ್ದ, 3 ಸೆಂಟಿಮೀಟರ್ ಅಗಲ.

ಮೊದಲ ಸಲ ಸುತ್ತಿದಾಗ ಮಾಡಿದ್ದ ತಪ್ಪು ಹೇಳಿಬಿಡುತ್ತೇನೆ. ಗಟ್ಟಿ ಇರಲಿ ಅಂತ ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವ ಹಾಗೆ ಸುತ್ತಿದ್ದೆ. ಬ್ರೇಕ್ ದಾಟಿ ಸ್ವಲ್ಪ ಮುಂದೆ ಬರುವಷ್ಟರಲ್ಲಿ ಟೇಪ್ ಖಾಲಿ! ಲೆಕ್ಕ ಸುಲಭ. ಹ್ಯಾಂಡಲ್ ಕೊಳವೆಯ ವ್ಯಾಸ 23.8 ಮಿಲಿಮೀಟರ್, ಪಟ್ಟಿಯ ದಪ್ಪವನ್ನೂ ಸೇರಿಸಿದರೆ ಒಂದು ಸುತ್ತಿಗೆ ಸುಮಾರು 83 ಮಿಲಿಮೀಟರ್ ಪಟ್ಟಿ ಬೇಕು. ಒಂದು ಬದಿಯಲ್ಲಿ ಸುತ್ತಬೇಕಾದದ್ದು ಹೆಚ್ಚುಕಡಿಮೆ ಅರ್ಧ ಮೀಟರ್. ಮೂರನೇ ಒಂದು ಭಾಗ ಮುಚ್ಚಿದರೆ ಸುತ್ತಿಗೆ 20 ಮಿಲಿಮೀಟರ್ ಮುಂದೆ ಹೋಗುತ್ತೀರಿ, 25 ಸುತ್ತಿಗೆ ಕೆಲಸ ಮುಗಿಯುತ್ತದೆ, 2 ಮೀಟರ್ ಸರಿಹೋಗುತ್ತದೆ. ಅರ್ಧ ಮುಚ್ಚಿದರೆ 33 ಸುತ್ತು, 2.7 ಮೀಟರ್.

ಬಾಗಿದ ಜಾಗದಲ್ಲಿ ಇನ್ನೊಂದು ತಲೆನೋವು. ಅಲ್ಲಿ ಒಳಮೈಗಿಂತ ಹೊರಮೈ ಉದ್ದ. ನಡುವೆ 20 ಮಿಲಿಮೀಟರ್ ಸರಿದರೆ ಒಳಗಡೆ ಸುಮಾರು 16, ಹೊರಗಡೆ 24. ಅಂದರೆ ಹೊರಮೈಯಲ್ಲಿ ಪಟ್ಟಿಯ ಮೇಲೆ ಪಟ್ಟಿ ಕೂರುವುದು ಬರೀ 6 ಮಿಲಿಮೀಟರ್. ಕೈ ಸ್ವಲ್ಪ ಸಡಿಲ ಬಿಟ್ಟರೆ ಸಂದಿ ಬಿದ್ದು ಅಲ್ಯೂಮಿನಿಯಂ ಇಣುಕುತ್ತದೆ. ಪಟ್ಟಿ ಹಿಗ್ಗುವುದರಿಂದಲೇ ಈ ಎರಡು ಅಳತೆಗಳ ಜಗಳ ಬಗೆಹರಿಯುವುದು.

ಕೆಳಗಿನ ತುದಿಯಿಂದಲೇ ಶುರು ಮಾಡಬೇಕು. ಯಾಕೆ ಅಂತೀರಾ? ಮಂಗಳೂರು ಹೆಂಚು ಹೊದಿಸುವವರೂ ಸೂರಿನ ಕೆಳಗಿನ ಸಾಲಿನಿಂದಲೇ ಶುರು ಮಾಡುತ್ತಾರೆ. ಮೇಲಿನ ಹೆಂಚು ಕೆಳಗಿನದರ ಮೇಲೆ ಕೂತರೆ ನೀರು ಜಾರಿಹೋಗುತ್ತದೆ, ಉಲ್ಟಾ ಆದರೆ ಸಂದಿಗೆ ನುಗ್ಗುತ್ತದೆ. ಇಲ್ಲಿ ನೀರಿನ ಜಾಗದಲ್ಲಿ ನಿಮ್ಮ ಅಂಗೈ. ಮೇಲಿನಿಂದ ಸುತ್ತಿದರೆ ಪಟ್ಟಿಯ ಅಂಚು ಮೇಲ್ಮುಖವಾಗಿರುತ್ತದೆ, ಕೆಳಗೆ ಒತ್ತುವ ಕೈ ಅದನ್ನು ಒಂದೊಂದಾಗಿ ಮಡಚಿ ಎಬ್ಬಿಸುತ್ತದೆ.

ದಿಕ್ಕೂ ಮುಖ್ಯ. ಕೆಳಗಿನ ಭಾಗ ಹಿಡಿದು ಜೋರಾಗಿ ತುಳಿಯುವಾಗ ಎರಡೂ ಕೈ ಗೊತ್ತಿಲ್ಲದೆ ಹೊರಕ್ಕೆ ತಿರುಚುತ್ತವೆ. ಆ ತಿರುಚು ಪಟ್ಟಿಯನ್ನು ಬಿಗಿ ಮಾಡಬೇಕೇ ಹೊರತು ಬಿಚ್ಚಬಾರದು. ಅದಕ್ಕೆ ಸೀಟಿನ ಕಡೆಯಿಂದ ನೋಡಿದರೆ ಬಲಗಡೆ ಗಡಿಯಾರದ ಮುಳ್ಳಿನ ಹಾಗೆ, ಎಡಗಡೆ ಅದಕ್ಕೆ ವಿರುದ್ಧವಾಗಿ ಸುತ್ತುತ್ತಾರೆ. ಆದರೆ ಮೇಲಿನ ಅಡ್ಡ ಭಾಗದಲ್ಲಿ ಕೈ ತನ್ನ ಕಡೆಗೆ ಎಳೆಯುತ್ತದೆ, ಅದೇ ಸುತ್ತನ್ನು ಮುಂದುವರಿಸಿದರೆ ಅಲ್ಲಿ ಸಡಿಲಾಗುತ್ತದೆ. ಬ್ರೇಕ್ ಹತ್ತಿರ ಪಟ್ಟಿಯನ್ನು 8ರ ಆಕಾರದಲ್ಲಿ ದಾಟಿಸಿದರೆ ದಿಕ್ಕು ತಿರುಗಿ ಸರಿಯಾಗುತ್ತದೆ. ಇದು ಬೇಕೋ ಬೇಡವೋ ಅಂತ ಸೈಕಲ್ ಹುಚ್ಚಿನವರು ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನ್ನ ಬಿಚ್ಚಿಹೋದ ಟೇಪಿನಲ್ಲಿ 8 ಇರಲಿಲ್ಲ, ನಾನು ಯಾವ ಪಕ್ಷ ಅಂತ ಬೇರೆ ಹೇಳಬೇಕಾ?

ಇಷ್ಟೆಲ್ಲ ಮಾಡುವುದು ಚೆಂದಕ್ಕಲ್ಲ. ಮೊಣಕೈ ಗೋಡೆಗೆ ತಾಗಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತಲ್ಲ, ಅದೇ ನರ ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುತ್ತದೆ. ಗಂಟೆಗಟ್ಟಲೆ ಅಲ್ಲೇ ಭಾರ ಹಾಕಿದರೆ ಕಿರುಬೆರಳೂ ಉಂಗುರಬೆರಳಿನ ಅರ್ಧವೂ ಜೋಮು ಹಿಡಿಯುತ್ತವೆ. ಮೆತ್ತನೆಯ ಟೇಪ್ ಆ ಒತ್ತಡವನ್ನು ಅಗಲಕ್ಕೆ ಹರಡುತ್ತದೆ, ರಸ್ತೆಯ ನಡುಕವನ್ನೂ ಸ್ವಲ್ಪ ನುಂಗುತ್ತದೆ. ಸ್ವಲ್ಪ ಮಾತ್ರ. ಸೀಟು ಮುಂದಕ್ಕೆ ವಾಲಿದ್ದು ಮೈಭಾರವೆಲ್ಲ ಕೈಗೇ ಬರುತ್ತಿದ್ದರೆ ಯಾವ ಟೇಪೂ ಉಳಿಸುವುದಿಲ್ಲ.

ಕಾರ್ಕ್ ಟೇಪ್ ಅಂತ ಕೊಡುವುದೂ ಹೆಚ್ಚಿನಂಶ ಫೋಮೇ, ಶೂ ಅಡಿಯಲ್ಲಿ ಇರುವಂಥದ್ದು, ಜೊತೆಗೆ ಒಂದಿಷ್ಟು ಕಾರ್ಕ್ ಚೂರು. ಅದಕ್ಕಿಂತ ಹಿಂದೆ ಯುರೋಪಿನ ಸೈಕಲ್ಲುಗಳಿಗೆ ಹತ್ತಿ ಪಟ್ಟಿ ಸುತ್ತುತ್ತಿದ್ದರು. ಮೆತ್ತಗೆ ಅನ್ನುವ ಮಾತೇ ಇಲ್ಲ. ಅದು ಕೊಳೆಯಾಗದೆ ಗಟ್ಟಿ ನಿಲ್ಲಲಿ ಅಂತ ಮೇಲೆ ಒಂದು ಲೇಪ ಬಳಿಯುತ್ತಿದ್ದರು, ಹಳೆ ಸೈಕಲ್ ಪ್ರೇಮಿಗಳು ಈಗಲೂ ಬಳಿಯುತ್ತಾರೆ. ಶೆಲ್ಯಾಕ್ ಅಂತ ಅದರ ಹೆಸರು. ಏನಪ್ಪಾ ಇದು ವಿದೇಶಿ ವಸ್ತು ಅಂತ ನೋಡಿದರೆ ನಮ್ಮ ಅರಗು! ಮುತ್ತುಗದಂಥ ಮರಗಳ ಕೊಂಬೆ ಮೇಲೆ ಸಣ್ಣ ಹುಳ ಸುರಿಸುವ ಅಂಟು, ಪಾಂಡವರನ್ನು ಸುಡಲು ಮನೆ ಕಟ್ಟಿಸಿದ ಅದೇ ಅರಗು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅದೇ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಘರ್ಷಣೆಯ ಬಿಸಿಗೆ ಕರಗಿ ಹತ್ತುತ್ತದೆ. ಇಲ್ಲಿ ಸ್ಪಿರಿಟ್‌ನಲ್ಲಿ ಕರಗಿಸಿ ಬಳಿದರೆ ಸ್ಪಿರಿಟ್ ಹಾರಿಹೋಗಿ ಅರಗು ಉಳಿಯುತ್ತದೆ.

ಕೊನೆಗೆ ಹಳೇ ಟೇಪ್ ಬಿಚ್ಚಿದಾಗ ಕಂಡದ್ದು. ಬಲಗಡೆ, ಕೈ ಜಾಸ್ತಿ ಇಡುವ ಜಾಗದಲ್ಲಿ, ಕೊಳವೆಯ ಮೇಲೆ ಬಿಳಿ ಪುಡಿ. ಒರೆಸಿದರೆ ಅಡಿಯಲ್ಲಿ ಗುಂಡುಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಕುಳಿ. ಬೆವರಿನ ಉಪ್ಪು ಟೇಪಿನೊಳಗೆ ಇಳಿದು, ಅಲ್ಯೂಮಿನಿಯಂ ತನ್ನ ಮೈಮೇಲೆ ತಾನೇ ಕಟ್ಟಿಕೊಂಡಿರುವ ತೆಳು ಆಕ್ಸೈಡ್ ಪದರವನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಒದ್ದೆ ಟೇಪಿನ ಅಡಿಯಲ್ಲಿ ಅದು ಒಣಗುವುದೂ ಇಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಕುಳಿ ಆಳವಾದರೆ ಹ್ಯಾಂಡಲ್ ಅಲ್ಲೇ ಮುರಿಯಬಹುದು, ಅದೂ ಜೋರಾಗಿ ಎಳೆಯುವ ಹೊತ್ತಿಗೆ. ನನ್ನದು ಅಷ್ಟು ದೂರ ಹೋಗಿರಲಿಲ್ಲ. ಆದರೂ ಉಗುರಿಗೆ ಸಿಗುವಷ್ಟು ಆಳ ಇತ್ತು. ಹೊಸ ಟೇಪನ್ನು ಪೆಟ್ಟಿಗೆಗೆ ವಾಪಸ್ ಹಾಕಿ, ಹೊಸ ಹ್ಯಾಂಡಲ್ ತರಲು ಹೊರಟೆ.